ಬೌಂಡರಿ ವಾಟರ್ಸ್ ಕಾಡಿನಲ್ಲಿ ಗುಂಪಾಗಿ ಕ್ಯಾನೂ ಯಾನ, ಬಿಡಾರ ಮತ್ತು ಮೀನುಗಾರಿಕೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಕೆನಡಾ ಗಡಿಗುಂಟ ಸುಮಾರು 240 ಕಿಲೋಮೀಟರ್ ಚಾಚಿಕೊಂಡಿರುವ ಬೌಂಡರಿ ವಾಟರ್ಸ್ ಕಾಡಿನಲ್ಲಿ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಒಳಗೆ ರಸ್ತೆಯಿಲ್ಲ, ಅಂಗಡಿಯಿಲ್ಲ, ಬಹುತೇಕ ಕಡೆ ಮೊಬೈಲ್ ಸಿಗ್ನಲ್ ಕೂಡ ಸಿಗುವುದಿಲ್ಲ. ಒಂದು ಸರೋವರ ಮುಗಿದಲ್ಲಿ ಕ್ಯಾನೂ ಎಂಬ ಉದ್ದನೆಯ ಹಗುರ ದೋಣಿಯನ್ನೂ ಸಾಮಾನನ್ನೂ ಹೊತ್ತು ಕಾಲುದಾರಿಯಲ್ಲಿ ಮುಂದಿನ ಸರೋವರಕ್ಕೆ ನಡೆಯಬೇಕು. ಆ ಕಾಲುದಾರಿಗೆ ಅಲ್ಲಿ ಪೋರ್ಟೇಜ್ ಎನ್ನುತ್ತಾರೆ.

ಮಿನಿಯಾಪೊಲಿಸ್, ಷಿಕಾಗೊಗಳಿಂದ ಹೊರಡುವ ಕನ್ನಡಿಗ ಗೆಳೆಯರ ಗುಂಪುಗಳು ವರ್ಷವರ್ಷವೂ ಒಂದೇ ದೂರನ್ನು ಹೊತ್ತು ಮರಳುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ: ಮೊದಲ ದಿನವೇ ಸುಸ್ತಾದೆವು, ಕತ್ತಲಲ್ಲಿ ಡೇರೆ ಹಾಕಿದೆವು, ಮೀನು ಒಂದೂ ಸಿಗಲಿಲ್ಲ. ಇವರಲ್ಲಿ ಯಾರಿಗೂ ಶಕ್ತಿ ಕಡಿಮೆ ಇರಲಿಲ್ಲ, ಸಲಕರಣೆಗಳಂತೂ ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ತಪ್ಪಿದ್ದು ಕೆಲಸಗಳ ಕ್ರಮ. ದಾರಿ ನಿಶ್ಚಯಿಸುವ ಮೊದಲೇ ಸಾಮಾನು ಕಟ್ಟಿದ್ದರು, ಬಿಡಾರ ಸಿಗುವ ಮೊದಲೇ ಗಾಳ ಹಾಕಿದ್ದರು, ಪೋರ್ಟೇಜಿನಲ್ಲಿ ಯಾರು ಏನು ಹೊರಬೇಕೆಂಬುದನ್ನು ದಡಕ್ಕೆ ಬಂದ ಮೇಲೆ ಮಾತಾಡಿಕೊಂಡಿದ್ದರು. ಆದ್ದರಿಂದ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ಕೋರುತ್ತೇನೆ.

ಹಂತ 1: ಗುಂಪು ಮತ್ತು ತಿಂಗಳನ್ನು ನಿಶ್ಚಯಿಸಿ

ಒಂದು ಪರ್ಮಿಟ್‌ನಲ್ಲಿ ಹೆಚ್ಚೆಂದರೆ 9 ಜನ ಮತ್ತು 4 ದೋಣಿಗಳು ಹೋಗಬಹುದು. ಈ ಮಿತಿ ಬಿಡಾರಕ್ಕೆ ಮಾತ್ರವಲ್ಲ, ನೀರಿನ ಮೇಲೆ ಮತ್ತು ಪೋರ್ಟೇಜಿನ ಮೇಲೂ ಅನ್ವಯಿಸುತ್ತದೆ. ಹೀಗಾಗಿ ಎರಡು ಪರ್ಮಿಟ್ ತೆಗೆದುಕೊಂಡು 14 ಜನ ಒಟ್ಟಿಗೆ ಹೋಗೋಣ ಎಂಬ ಯೋಜನೆ ನಿಯಮದ ಉಲ್ಲಂಘನೆಯಾಗುತ್ತದೆ. ನನ್ನ ಅನುಭವದಲ್ಲಿ 4 ದೋಣಿಗೆ 8 ಜನ ಎಂಬುದೇ ಸರಿಯಾದ ಲೆಕ್ಕ. ಒಂಬತ್ತನೆಯವರು ಬಂದರೆ ಒಂದು ದೋಣಿಯ ನಡುವೆ ಕೂರುತ್ತಾರೆ, ಆ ದೋಣಿ ಉಳಿದೆಲ್ಲವುಗಳಿಗಿಂತ ಹಿಂದೆ ಬೀಳುತ್ತದೆ.

ದೋಣಿಯ ದಿಕ್ಕನ್ನು ನಿಯಂತ್ರಿಸುವುದು ಹಿಂದೆ ಕೂತವರ ಹುಟ್ಟು. ಆದ್ದರಿಂದ ಗುಂಪಿನಲ್ಲಿ ಕನಿಷ್ಠ 4 ಜನರಿಗೆ ದೋಣಿಯನ್ನು ನೇರವಾಗಿ ಒಯ್ಯಲು ಬರಬೇಕು. ಹೊರಡುವ ಒಂದು ತಿಂಗಳ ಮೊದಲು ಊರ ಹತ್ತಿರದ ಸರೋವರದಲ್ಲಿ ಎಲ್ಲರೂ ಎರಡು ಗಂಟೆ ಹುಟ್ಟು ಹಾಕಿ ನೋಡಿ. ಲೈಫ್ ಜಾಕೆಟ್ ತೊಟ್ಟು, ದಡದ ಬಳಿ, ಬೇಕೆಂದೇ ಒಮ್ಮೆ ದೋಣಿಯನ್ನು ಮಗುಚಿ. ನಮ್ಮಲ್ಲಿ ಹಲವರು ಈಜು ಕಲಿಯದೆಯೇ ಬೆಳೆದವರು. ನೀರಿಗೆ ಬಿದ್ದಾಗ ಹೆದರಿ ದೋಣಿಯನ್ನೇ ಎಳೆದು ಮುಳುಗಿಸುವವರು ಯಾರೆಂಬುದು ಇಲ್ಲಿಯೇ ತಿಳಿದುಬಿಡಬೇಕು. ಈ ಅಭ್ಯಾಸಕ್ಕೆ ಬಾರದವರನ್ನು, ಎಷ್ಟೇ ಆಪ್ತರಾಗಿರಲಿ, ಕಾಡಿಗೆ ಕರೆದೊಯ್ಯಬೇಡಿ.

ತಿಂಗಳ ವಿಷಯದಲ್ಲಿ, ವಾಲೈ ಮೀನು ಹಿಡಿಯಲು ಅನುಮತಿ ಆರಂಭವಾಗುವುದು ಮೇ ಮಧ್ಯದಲ್ಲಿ. ಆಗ ಮಂಜುಗಡ್ಡೆ ಕರಗಿ ಕೆಲವೇ ವಾರಗಳಾಗಿರುತ್ತವೆ, ನೀರು ಅಪಾಯಕಾರಿಯಾಗಿ ತಣ್ಣಗಿರುತ್ತದೆ. ಮೇ ಕೊನೆಯಿಂದ ಜೂನ್‌ವರೆಗೆ ಕಪ್ಪು ನೊಣಗಳು, ಜುಲೈವರೆಗೆ ಸೊಳ್ಳೆಗಳು ಕಾಡುತ್ತವೆ. ಹೊಸಬರ ಗುಂಪಿಗೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ ಕಾಲ ಅತ್ಯುತ್ತಮ.

ಹಂತ 2: ಪರ್ಮಿಟ್ ಪಡೆಯಿರಿ

ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗುವ ಪ್ರತಿ ಗುಂಪಿಗೂ ಕೋಟಾ ಪರ್ಮಿಟ್, ಅಂದರೆ ದಿನಕ್ಕೆ ಇಷ್ಟೇ ಗುಂಪುಗಳೆಂಬ ಮಿತಿಯೊಳಗೆ ಕೊಡುವ ಪರವಾನಗಿ, ಬೇಕು. ಜನವರಿಯ ಕೊನೆಯ ಬುಧವಾರ ಬೆಳಿಗ್ಗೆ ರಿಕ್ರಿಯೇಷನ್ ಡಾಟ್ ಗೌ ತಾಣದಲ್ಲಿ ಕಾಯ್ದಿರಿಸುವಿಕೆ ತೆರೆಯುತ್ತದೆ; ಜನಪ್ರಿಯ ಪ್ರವೇಶದ್ವಾರಗಳ ವಾರಾಂತ್ಯಗಳು ಬೇಗ ತುಂಬುತ್ತವೆ. ಪರ್ಮಿಟ್‌ನಲ್ಲಿ ಬರೆದ ದಿನ, ಬರೆದ ದ್ವಾರದಿಂದಲೇ ಒಳಹೋಗಬೇಕು. ಒಳಗೆ ಹೋದ ಮೇಲೆ ಎಲ್ಲಿ ಬೇಕಾದರೂ ಸಂಚರಿಸಬಹುದು.

ಇಲ್ಲಿ ಪದೇಪದೇ ಆಗುವ ತಪ್ಪು ಒಂದೇ. ಯಾರ ಹೆಸರಲ್ಲಿ ಪರ್ಮಿಟ್ ಇದೆಯೋ ಅವರೇ ಅದನ್ನು ಪಡೆದು ಗುಂಪಿನೊಂದಿಗೆ ಹೋಗಬೇಕು. ಅವರಿಗೆ ಕೊನೆಯ ವಾರ ಕಚೇರಿಯ ಕೆಲಸ ಬಿದ್ದರೆ ಇಡೀ ಗುಂಪು ಮನೆಯಲ್ಲೇ ಉಳಿಯಬೇಕಾಗುತ್ತದೆ. ಆದ್ದರಿಂದ ಕಾಯ್ದಿರಿಸುವಾಗಲೇ ಬದಲಿ ಮುಖಂಡರ ಹೆಸರುಗಳನ್ನೂ ಸೇರಿಸಿ.

ಹಂತ 3: ದಾರಿಯನ್ನು ಲೆಕ್ಕ ಹಾಕಿ

ನಕ್ಷೆಯಲ್ಲಿ ಪೋರ್ಟೇಜಿನ ಉದ್ದವನ್ನು ರಾಡ್ ಎಂಬ ಅಳತೆಯಲ್ಲಿ ಕೊಟ್ಟಿರುತ್ತಾರೆ. ಒಂದು ರಾಡ್ ಎಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ಕ್ಯಾನೂ ದೋಣಿಯ ಉದ್ದ, ಸುಮಾರು 5 ಮೀಟರ್. 320 ರಾಡ್ ಸೇರಿದರೆ ಒಂದು ಮೈಲಿ. 100 ರಾಡ್ ಎಂದು ಓದಿದಾಗ ಅರ್ಧ ಕಿಲೋಮೀಟರ್ ಎಂದು ಮನಸ್ಸಿನಲ್ಲಿ ಅನುವಾದಿಸಿಕೊಳ್ಳಿ. ಎರಡು ಸಲ ಹೊರಬೇಕಾದರೆ ಹೋಗಿ, ಬಂದು, ಮತ್ತೆ ಹೋಗುವುದರಿಂದ ಅದು ಒಂದೂವರೆ ಕಿಲೋಮೀಟರ್ ಆಗುತ್ತದೆ ಎಂಬುದನ್ನು ಮರೆಯಬೇಡಿ. ಕಲ್ಲು, ಬೇರು, ಕೆಸರು ತುಂಬಿದ ಆ ದಾರಿಗೆ ಎಂಟು ಜನರ ಗುಂಪಿಗೆ, ಇಳಿಸುವ ಮತ್ತು ಏರಿಸುವ ಸಮಯವೂ ಸೇರಿ, ಮುಕ್ಕಾಲು ಗಂಟೆ ಹಿಡಿದುಕೊಳ್ಳುವುದು ಕ್ಷೇಮ. ನೀರಿನ ಮೇಲೆ ಹೊರೆ ತುಂಬಿದ ಹೊಸಬರ ಗುಂಪು ಗಂಟೆಗೆ 3 ಕಿಲೋಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ.

ಮೊದಲ ಸಲ ಹೋಗುವ ಗುಂಪಿಗೆ ನಾನು ಸೂಚಿಸುವುದು ಈಲಿ ಪಟ್ಟಣದ ಪೂರ್ವಕ್ಕಿರುವ ಲೇಕ್ ಒನ್ ದ್ವಾರವನ್ನು. ಲೇಕ್ ಒನ್‌ನಿಂದ ಲೇಕ್ ಟೂಗೆ ನಡುವೆ ಪುಟ್ಟ ಕೊಳವೊಂದನ್ನು ಬಿಟ್ಟು ಎರಡು ಗಿಡ್ಡ ಪೋರ್ಟೇಜ್‌ಗಳಿವೆ. ಅಲ್ಲಿಂದ ಲೇಕ್ ತ್ರೀ, ಲೇಕ್ ಫೋರ್‌ಗೆ ದೋಣಿಯಲ್ಲೇ ಹೋಗಬಹುದು. ಮೂರು ರಾತ್ರಿಯ ಯಾನಕ್ಕೆ ಲೇಕ್ ತ್ರೀ ಅಥವಾ ಫೋರ್‌ನಲ್ಲಿ ಒಂದೇ ಬಿಡಾರ ಹೂಡಿ, ಅಲ್ಲಿಂದ ಹಗುರ ದೋಣಿಯಲ್ಲಿ ಮೀನಿಗೆ ಹೋಗುವುದು ದಿನಕ್ಕೊಂದು ಕಡೆ ಡೇರೆ ಕಿತ್ತು ಹಾಕುವುದಕ್ಕಿಂತ ಸಾವಿರ ಪಾಲು ಮೇಲು. ಎಚ್ಚರಿಕೆಯೆಂದರೆ ಲೇಕ್ ಒನ್ ತುಂಬಾ ದ್ವೀಪ, ಕೊಲ್ಲಿಗಳಿದ್ದು ಹೊಸಬರು ದಾರಿ ತಪ್ಪುವುದು ಅಲ್ಲಿಯೇ ಹೆಚ್ಚು. ಪ್ರತಿ ದೋಣಿಯಲ್ಲೂ ನೀರು ತಾಗದ ಚೀಲದಲ್ಲಿ ಕಾಗದದ ನಕ್ಷೆ ಮತ್ತು ದಿಕ್ಸೂಚಿ ಇರಲಿ. ಮುಂದಿನವರು ಹೋದತ್ತ ಹೋಗುವುದು ದಾರಿ ನೋಡುವ ವಿಧಾನವಲ್ಲ.

ಹಂತ 4: ಸಾಮಾನನ್ನು ಎಂಟು ಹೊರೆಗೆ ಮಿತಗೊಳಿಸಿ

ಎಂಟು ಜನಕ್ಕೆ ಎಂಟು ದೊಡ್ಡ ಚೀಲ, ಅದಕ್ಕಿಂತ ಒಂದೂ ಹೆಚ್ಚಲ್ಲ. ಈ ಸಂಖ್ಯೆಯ ಕಾರಣ ಏಳನೆಯ ಹಂತದಲ್ಲಿ ತಿಳಿಯುತ್ತದೆ. ಮೂರು ಚೀಲ ಡೇರೆ ಮತ್ತು ಮಲಗುವ ಸಾಮಾನಿಗೆ, ಎರಡು ಆಹಾರಕ್ಕೆ, ಎರಡು ಬಟ್ಟೆಗೆ, ಒಂದು ಅಡುಗೆ ಪಾತ್ರೆ, ಒಲೆ, ಗರಗಸ, ಟಾರ್ಪಾಲಿಗೆ. ಒಂದೊಂದೂ 20 ಕಿಲೋ ಮೀರಬಾರದು. ಬಿಡಾರದ ಜಾಗಗಳಲ್ಲಿ ಸಮತಟ್ಟಾದ ನೆಲ ಎರಡು ಮೂರು ಡೇರೆಗಷ್ಟೇ ಸಿಗುವುದರಿಂದ ಮೂವರು ಮಲಗುವ ಮೂರು ಡೇರೆ ಸಾಕು.

ಕೆವ್ಲಾರ್ ಎಂಬ ಹಗುರ, ಗಟ್ಟಿ ನಾರಿನ ದೋಣಿಗಳನ್ನೇ ಬಾಡಿಗೆಗೆ ಪಡೆಯಿರಿ. ಅವು ಸುಮಾರು 20 ಕಿಲೋ ಇರುತ್ತವೆ. ಅಲ್ಯೂಮಿನಿಯಂ ದೋಣಿ 30 ಕಿಲೋಗೂ ಹೆಚ್ಚು. ಬಾಡಿಗೆಯಲ್ಲಿ ಉಳಿಸಿದ ಹಣವನ್ನು ಮೊದಲ ಪೋರ್ಟೇಜಿನಲ್ಲೇ ಭುಜ ತೆರುತ್ತದೆ. ಎಂಟು ಹುಟ್ಟುಗಳ ಜೊತೆಗೆ ಎರಡು ಹೆಚ್ಚುವರಿ, ಪ್ರತಿಯೊಬ್ಬರಿಗೂ ಸೀಟಿ ಕಟ್ಟಿದ ಲೈಫ್ ಜಾಕೆಟ್, ನೀರು ಸೋಸುವ ಫಿಲ್ಟರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಗುಂಪಿಗೆ ಒಂದು ಉಪಗ್ರಹ ಸಂದೇಶ ಸಾಧನ ಕಡ್ಡಾಯ. ಬಟ್ಟೆಯಲ್ಲಿ ಜೀನ್ಸ್ ಮತ್ತು ಹತ್ತಿಯ ಸ್ವೆಟರ್ ಬೇಡವೇ ಬೇಡ. ಒದ್ದೆಯಾದ ಹತ್ತಿ ಒಣಗುವುದಿಲ್ಲ, ಮೈಯ ಶಾಖವನ್ನು ಹೀರುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆಯ ಒಂದು ಜೊತೆಯನ್ನು ಬಿಡಾರಕ್ಕೆಂದೇ ಒಣದಾಗಿ ಕಾದಿಡಿ.

ಹಂತ 5: ಆಹಾರವನ್ನು ಮನೆಯಲ್ಲೇ ಅರ್ಧ ಸಿದ್ಧಪಡಿಸಿ

ಈ ಕಾಡಿಗೆ ಆಹಾರ ಪಾನೀಯಗಳ ಲೋಹದ ಡಬ್ಬಿ, ಗಾಜಿನ ಬಾಟಲಿ ಒಯ್ಯುವಂತಿಲ್ಲ. ಉಪ್ಪಿನಕಾಯಿಯ ಗಾಜಿನ ಭರಣಿ, ತುಪ್ಪದ ಸೀಸೆ ಹೊರಡುವ ಹಿಂದಿನ ದಿನವೇ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಬದಲಾಗಲಿ.

ನಮ್ಮ ಅಡುಗೆಮನೆಯಲ್ಲಿ ಇಂಥ ಯಾನಕ್ಕೆ ಹೇಳಿಮಾಡಿಸಿದ ಪದಾರ್ಥಗಳು ಎಷ್ಟೋ ಇವೆ. ದುಬಾರಿ ಒಣ ಊಟದ ಪೊಟ್ಟಣಗಳ ಅಗತ್ಯವಿಲ್ಲ. ಒಗ್ಗರಣೆ ಸಮೇತ ಹುರಿದಿಟ್ಟ ಉಪ್ಪಿಟ್ಟಿನ ರವೆ, ಗೊಜ್ಜವಲಕ್ಕಿಯ ಪುಡಿ ಬೆರೆಸಿದ ಅವಲಕ್ಕಿ, ಚಟ್ನಿಪುಡಿ, ಹೆಸರುಬೇಳೆ ಮತ್ತು ಅಕ್ಕಿ ಅಳೆದು ಕಟ್ಟಿದ ಖಿಚಡಿ, ಮಧ್ಯಾಹ್ನಕ್ಕೆ ಒಲೆ ಹಚ್ಚದೆ ತಿನ್ನುವ ಚಪಾತಿ. ತಲೆಗೆ ದಿನಕ್ಕೆ 800 ಗ್ರಾಂ ಒಣ ಆಹಾರ ಎಂದು ಲೆಕ್ಕ ಹಿಡಿದರೆ ಎಂಟು ಜನಕ್ಕೆ ನಾಲ್ಕು ದಿನಕ್ಕೆ 25 ಕಿಲೋ ಆಸುಪಾಸು ಆಗುತ್ತದೆ. ಪ್ರತಿ ಊಟವನ್ನೂ ಪ್ರತ್ಯೇಕ ಚೀಲದಲ್ಲಿ ಕಟ್ಟಿ, ಮೇಲೆ ದಿನ ಮತ್ತು ಹೊತ್ತನ್ನು ಬರೆಯಿರಿ. ಮೀನು ಸಿಗುತ್ತದೆಂದು ನಂಬಿ ಒಂದು ಹೊತ್ತಿನ ಊಟವನ್ನೂ ಕಡಿಮೆ ಮಾಡಬೇಡಿ. ಗುಂಪಿನಲ್ಲಿ ಸಸ್ಯಾಹಾರಿಗಳಿದ್ದರೆ ಬೇರೆ ಕಾವಲಿ, ಬೇರೆ ಸೌಟು ಇರಲಿ, ಅವರ ಅಡುಗೆ ಮೊದಲು ಆಗಲಿ. ಇದನ್ನು ಕಾಡಿನಲ್ಲಿ ನೋಡಿಕೊಂಡರಾಯಿತು ಎಂದು ಬಿಟ್ಟ ಗುಂಪುಗಳಲ್ಲಿ ಎರಡನೇ ದಿನಕ್ಕೆ ಮನಸ್ತಾಪ ಬೆಳೆದದ್ದನ್ನು ಕಂಡಿದ್ದೇನೆ.

ಹಂತ 6: ಬೇಗ ನೀರಿಗಿಳಿಯಿರಿ, ಹೊರೆ ಕೆಳಗಿರಲಿ

ಹಿಂದಿನ ರಾತ್ರಿ ಈಲಿಯಲ್ಲಿಯೇ ತಂಗಿ, ಬೆಳಿಗ್ಗೆ 7ರ ಹೊತ್ತಿಗೆ ದೋಣಿ ನೀರಿನಲ್ಲಿರಬೇಕು. ಮಿನಿಯಾಪೊಲಿಸ್‌ನಿಂದ ನಸುಕಿನಲ್ಲಿ ಹೊರಟು ಮಧ್ಯಾಹ್ನ ದೋಣಿ ಏರುವ ಗುಂಪು ದಿನದ ಅತಿ ಗಾಳಿಯ ಹೊತ್ತನ್ನೇ ಆರಿಸಿಕೊಂಡಂತೆ.

ಭಾರದ ಚೀಲಗಳನ್ನು ದೋಣಿಯ ತಳದಲ್ಲಿ ಮಲಗಿಸಿ, ಅಂಚಿಗಿಂತ ಮೇಲೆ ಏಳದಂತೆ ಇಡಿ. ಹಿಂತುದಿಯಲ್ಲಿ ಭಾರದವರು ಕೂತಿದ್ದರೆ ಚೀಲವನ್ನು ಮುಂದಕ್ಕೆ ಸರಿಸಿ, ದೋಣಿ ಮಟ್ಟವಾಗಿ ತೇಲುವಂತೆ ನೋಡಿಕೊಳ್ಳಿ. ಮುಂತುದಿ ಮೇಲೆದ್ದ ದೋಣಿ ಗಾಳಿಗೆ ಗಿರಕಿ ಹೊಡೆಯುತ್ತದೆ.

ಹಂತ 7: ಪೋರ್ಟೇಜಿನ ಶಿಸ್ತು

ಈ ಹಂತವನ್ನು ಎಲ್ಲರೂ ಎರಡು ಸಲ ಓದಲಿ. ಗುಂಪಿನ ಸಮಯ, ಶಕ್ತಿ, ಸ್ನೇಹ ಮೂರೂ ಸೋರಿಹೋಗುವ ಜಾಗ ಇದು.

ನಾಲ್ಕು ದೋಣಿ, ಎಂಟು ಚೀಲ, ಒಟ್ಟು 12 ಹೊರೆ, ಹೊರುವವರು ಎಂಟು. ಮೊದಲ ನಡಿಗೆಯಲ್ಲಿ ನಾಲ್ವರು ದೋಣಿಗಳನ್ನೂ ನಾಲ್ವರು ಚೀಲಗಳನ್ನೂ ಹೊರುತ್ತಾರೆ. ಆಚೆ ದಡ ಮುಟ್ಟಿದ ಮೇಲೆ ಚೀಲ ಹೊತ್ತಿದ್ದ ನಾಲ್ವರು ಮಾತ್ರ ಹಿಂದಿರುಗಿ ಉಳಿದ ನಾಲ್ಕು ಚೀಲ ತರುತ್ತಾರೆ. ದೋಣಿ ಹೊತ್ತಿದ್ದವರು ಅಷ್ಟರಲ್ಲಿ ದೋಣಿಗಳನ್ನು ನೀರಿಗಿಳಿಸಿ ಬಂದ ಸಾಮಾನನ್ನು ಜೋಡಿಸುತ್ತಾರೆ. ಮುಂದಿನ ಪೋರ್ಟೇಜಿನಲ್ಲಿ ಪಾತ್ರಗಳು ಅದಲುಬದಲು. ದೋಣಿ ಎತ್ತಲಾಗದವರಿದ್ದರೆ ಅವರಿಗೆ ಯಾವಾಗಲೂ ಚೀಲದ ಕೆಲಸವನ್ನೇ ಕೊಡಿ. ಒಂಬತ್ತನೇ ಚೀಲ ಬಂದರೆ ಈ ಲೆಕ್ಕವೆಲ್ಲ ಕೆಡುತ್ತದೆ.

ದಡಕ್ಕೆ ಒಂದು ಸಲಕ್ಕೆ ಒಂದೇ ದೋಣಿ ಬರಲಿ, ಉಳಿದವು ತುಸು ದೂರದಲ್ಲಿ ತೇಲುತ್ತ ಕಾಯಲಿ. ಕೆವ್ಲಾರ್ ದೋಣಿಯನ್ನು ಬಂಡೆಗೆ ಗುದ್ದಿ ನಿಲ್ಲಿಸಬಾರದು. ಮೊಣಕಾಲುದ್ದ ನೀರಿನಲ್ಲೇ ಇಳಿದು ಹಿಡಿಯಬೇಕು. ಕಾಲು ಒದ್ದೆಯಾಗಬಾರದೆಂದು ಬಂಡೆಯಿಂದ ಬಂಡೆಗೆ ಜಿಗಿಯುವವರೇ ಕಾಲು ಮುರಿದುಕೊಳ್ಳುವವರು. ಇಳಿಸಿದ ಸಾಮಾನನ್ನು ದಾರಿಯ ಪಕ್ಕಕ್ಕೆ ಒಂದೇ ಗುಡ್ಡೆಯಾಗಿ ಇಡಿ, ಬೇರೆ ಗುಂಪುಗಳಿಗೂ ಅದೇ ಒಂದು ದಾರಿ.

ಕೈಯಲ್ಲಿ ಹಿಡಿಯುವ ಬಿಡಿ ಸಾಮಾನು ಇರಲೇಬಾರದು. ಹುಟ್ಟುಗಳನ್ನು ದೋಣಿಯೊಳಗೆ ಕಟ್ಟಿ, ಗಾಳದ ಕೋಲುಗಳನ್ನು ಬಿಚ್ಚಿ ಕೊಳವೆಯಲ್ಲಿ ಹಾಕಿ, ನೀರಿನ ಬಾಟಲಿಯನ್ನು ಚೀಲಕ್ಕೆ ಸಿಕ್ಕಿಸಿ. ನಮ್ಮ ಮೊದಲ ಯಾನದಲ್ಲಿ ಹನ್ನೊಂದು ಬಿಡಿ ವಸ್ತುಗಳನ್ನು ಎಂಟು ಜನ ಹಂಚಿಕೊಂಡು ಹಿಡಿದಿದ್ದೆವು. ನೀರಿನ ಫಿಲ್ಟರ್ ಪೋರ್ಟೇಜಿನ ಹಿಂದಿನ ದಡದಲ್ಲೇ ಉಳಿಯಿತು, ಅದು ನೆನಪಾದದ್ದು ಸಂಜೆ ಬಿಡಾರದಲ್ಲಿ. ಅಂದಿನಿಂದ ಎರಡನೇ ನಡಿಗೆಯ ಕೊನೆಯ ವ್ಯಕ್ತಿ ದಡವನ್ನೊಮ್ಮೆ ಪೂರ್ತಿ ಸುತ್ತಿ ನೋಡಿ, "ಏನೂ ಉಳಿದಿಲ್ಲ" ಎಂದು ಬಾಯಿಬಿಟ್ಟು ಹೇಳಿದ ಮೇಲಷ್ಟೇ ದೋಣಿ ಬಿಡುವ ಪದ್ಧತಿ ಇಟ್ಟುಕೊಂಡಿದ್ದೇವೆ.

ಹಂತ 8: ಗಾಳಿ, ತಣ್ಣೀರು ಮತ್ತು ಗುಡುಗನ್ನು ಓದಿ

ಅಲೆಗಳ ನೆತ್ತಿಯಲ್ಲಿ ಬಿಳಿ ನೊರೆ ಕಾಣಿಸಿಕೊಂಡರೆ ತೆರೆದ ನೀರನ್ನು ದಾಟಬೇಡಿ. ದಡದಲ್ಲಿ ಕಾಯಿರಿ, ಬೇಕಾದರೆ ಅಲ್ಲೇ ಅಡುಗೆ ಮಾಡಿ. ಸಂಜೆಯ ಹೊತ್ತಿಗೆ ಗಾಳಿ ಸಾಮಾನ್ಯವಾಗಿ ತಗ್ಗುತ್ತದೆ. ಎರಡು ಮೂರು ಕಿಲೋಮೀಟರ್ ಹೆಚ್ಚಾದರೂ ದಡದ ಗುಂಟ ಹೋಗುವುದೇ ಸರಿ. ದಾಟುವಾಗಲೇ ಗಾಳಿ ಎದ್ದರೆ ಅಲೆಗೆ ಅಡ್ಡಲಾಗಿ ತಿರುಗದೆ, ಓರೆಯಾಗಿ ಎದುರಿಸುತ್ತ, ಮೊಣಕಾಲೂರಿ ತಗ್ಗಿ ಕುಳಿತು ಹುಟ್ಟು ಹಾಕಿ. ದೋಣಿಗಳು ಒಂದರ ಕೂಗು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರವಿರಲಿ. ವೇಗದ ದೋಣಿ ಯಾವಾಗಲೂ ಕೊನೆಯಲ್ಲಿರಲಿ.

ತಣ್ಣೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರಲು, ಮುಂದಿನ ಸುಮಾರು 10 ನಿಮಿಷ ಕೈಕಾಲು ಕೆಲಸ ಮಾಡಲು ಸಿಗುತ್ತದೆ; ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಲೈಫ್ ಜಾಕೆಟ್ ಚೀಲದ ಮೇಲಿದ್ದರೆ ಮೊದಲ ನಿಮಿಷವೇ ಕೊನೆಯ ನಿಮಿಷವಾಗಬಹುದು. ಮಗುಚಿದಾಗ ಜನರನ್ನು ಮೊದಲು, ದೋಣಿಯನ್ನು ನಂತರ, ಸಾಮಾನನ್ನು ಕೊನೆಗೆ ರಕ್ಷಿಸಿ. ದಡ ಸೇರಿದವರು ನಡುಗುತ್ತಿದ್ದರೆ ಕೂಡಲೇ ಒಣಬಟ್ಟೆ, ಮಲಗುವ ಚೀಲ, ಬಿಸಿ ಸಿಹಿ ಪಾನೀಯ ಕೊಡಿ. ಮಾತು ತೊದಲುವುದು, ಕೈ ಗುಂಡಿ ಹಾಕಲಾಗದೆ ತಡವರಿಸುವುದು, ನಡುಕ ಇದ್ದಕ್ಕಿದ್ದಂತೆ ನಿಲ್ಲುವುದು ತೀವ್ರ ಅಪಾಯದ ಲಕ್ಷಣಗಳು. ಉಪಗ್ರಹ ಸಾಧನದ ಎಸ್‌ಒಎಸ್ ಗುಂಡಿ ಒತ್ತಲು ಆಗ ಹಿಂಜರಿಯಬೇಡಿ.

ಗುಡುಗು ಕೇಳಿದ ತಕ್ಷಣ ನೀರು ಬಿಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬೇಡಿ.

ಹಂತ 9: ಮಧ್ಯಾಹ್ನ 2 ಗಂಟೆಯೊಳಗೆ ಬಿಡಾರ ಹಿಡಿಯಿರಿ

ಕೋಟಾ ಕಾಲದಲ್ಲಿ ಕಬ್ಬಿಣದ ಬೆಂಕಿಜಾಲರಿ ಮತ್ತು ಕಾಡಿನ ಶೌಚಪೀಠವಿರುವ, ನಕ್ಷೆಯಲ್ಲಿ ಗುರುತಿಸಿದ ಜಾಗಗಳಲ್ಲಿ ಮಾತ್ರ ತಂಗಬೇಕು. ಅವನ್ನು ಮೊದಲೇ ಕಾಯ್ದಿರಿಸಲಾಗುವುದಿಲ್ಲ. ಮೊದಲು ಬಂದವರಿಗೆ ಜಾಗ. ನೀವು ಬಯಸಿದ ಜಾಗದಲ್ಲಿ ಆಗಲೇ ಡೇರೆ ಕಂಡರೆ ಬೇಸರಿಸದೆ ಮುಂದಿನದಕ್ಕೆ ಹೋಗಿ.

ಡೇರೆ ಹಾಕುವ ಮುನ್ನ ತಲೆಯೆತ್ತಿ ನೋಡಿ. 2011ರ ಪಗಾಮಿ ಕ್ರೀಕ್ ಕಾಳ್ಗಿಚ್ಚು ಲೇಕ್ ತ್ರೀ, ಲೇಕ್ ಫೋರ್ ಕಡೆಯ ಕಾಡನ್ನು ಸುಟ್ಟಿತ್ತು. ಅಂಥ ಕಡೆ ನಿಂತೇ ಸತ್ತ ಮರಗಳು ಗಾಳಿಗೆ ಉರುಳುತ್ತವೆ. ಒಣಮರ ಅಥವಾ ಜೋತುಬಿದ್ದ ಕೊಂಬೆಯ ಕೆಳಗೆ ಎಷ್ಟೇ ಸಮತಟ್ಟಾದ ನೆಲ ಸಿಕ್ಕರೂ ಮಲಗಬೇಡಿ.

ನಂತರ ಬೆಳಕಿರುವಾಗಲೇ ಆಹಾರ ತೂಗುಹಾಕುವ ಹಗ್ಗ ಕಟ್ಟಿ. ಇಲ್ಲಿ ಕಪ್ಪು ಕರಡಿಗಳಿವೆ. ಆಹಾರ, ಕಸ, ಟೂತ್‌ಪೇಸ್ಟ್, ಸಾಬೂನು ಎಲ್ಲವನ್ನೂ ನೆಲದಿಂದ 12 ಅಡಿ ಎತ್ತರಕ್ಕೆ, ಕಾಂಡದಿಂದ 6 ಅಡಿ ದೂರಕ್ಕೆ ತೂಗುಹಾಕಬೇಕು, ಇಲ್ಲವೇ ಕರಡಿ ತೆರೆಯಲಾಗದ ಪ್ರಮಾಣಿತ ಪೆಟ್ಟಿಗೆಯಲ್ಲಿಡಬೇಕು. ಅಂಥ ಕೊಂಬೆ ಹುಡುಕಿ ಹಗ್ಗ ಎಸೆಯಲು ಅರ್ಧ ಗಂಟೆ ಬೇಕಾಗುವುದರಿಂದ ಹೊಸಬರಿಗೆ ಪೆಟ್ಟಿಗೆಯೇ ಮೇಲು. ಡೇರೆಯೊಳಗೆ ಒಂದು ಚಕ್ಕುಲಿಯ ಪೊಟ್ಟಣವೂ ಇರಕೂಡದು.

ಬೆಂಕಿ ಹಚ್ಚಲು, ನೆಲಕ್ಕೆ ಬಿದ್ದು ಒಣಗಿದ, ಮಣಿಕಟ್ಟಿನಷ್ಟೇ ದಪ್ಪದ ಕಟ್ಟಿಗೆಯನ್ನು ಬಿಡಾರದಿಂದ ದೂರದಲ್ಲಿ ಆರಿಸಿ. ಒಣಹವೆಯಲ್ಲಿ ಬೆಂಕಿ ನಿಷೇಧ ಜಾರಿಯಾಗುವುದುಂಟು, ಆದ್ದರಿಂದ ಗ್ಯಾಸ್ ಒಲೆ ಇಲ್ಲದೆ ಹೋಗಬಾರದು. ಪಾತ್ರೆ ತೊಳೆಯುವುದು, ಮೈಗೆ ಸೋಪು ಹಚ್ಚುವುದು ದಡದಿಂದ 150 ಅಡಿ ಆಚೆಗೆ.

ಹಂತ 10: ಈಗ ಗಾಳ ಹಾಕಿ

16 ವರ್ಷ ಮತ್ತು ಮೇಲ್ಪಟ್ಟವರಿಗೆ ಮಿನ್ನೆಸೋಟದ ಮೀನುಗಾರಿಕೆ ಪರವಾನಗಿ ಬೇಕು. ಹೊರರಾಜ್ಯದವರಿಗೆ ಕೆಲವೇ ದಿನಗಳ ಪರವಾನಗಿಯೂ ದೊರೆಯುತ್ತದೆ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದೆಂಬುದನ್ನು ಆ ವರ್ಷದ ನಿಯಮ ಪುಸ್ತಕದಲ್ಲಿ ನೋಡಿ ಬರೆದುಕೊಳ್ಳಿ.

ಆರೂವರೆ ಅಡಿಯ ಹಗುರ ಸ್ಪಿನ್ನಿಂಗ್ ಕೋಲು, 6ರಿಂದ 8 ಪೌಂಡ್ ಭಾರ ತಾಳುವ ದಾರ, 3ರಿಂದ 7 ಗ್ರಾಂ ತೂಕದ ಜಿಗ್ (ತಲೆಯಲ್ಲಿ ಭಾರದ ಗುಂಡಿರುವ) ಕೊಕ್ಕೆ, ಈಲಿಯ ಅಂಗಡಿಯಲ್ಲಿ ಕೊಂಡ ಜಿಗಣೆ. ಮಲೆನಾಡಿನವರು ಜಿಗಣೆ ಎಂದೊಡನೆ ಮುಖ ಸಿಂಡರಿಸಬಹುದು, ಆದರೆ ವಾಲೈ ಮೀನಿಗೆ ಬೇಸಿಗೆಯಲ್ಲಿ ಇದಕ್ಕಿಂತ ನಂಬಿಕೆಯ ಎರೆ ನನಗೆ ಗೊತ್ತಿಲ್ಲ. ಪೈಕ್ ಮೀನಿಗಾದರೆ ಕೊಕ್ಕೆಯ ಮುಂದೆ ಉಕ್ಕಿನ ತಂತಿ ಬೇಕು, ಅದರ ಹಲ್ಲು ದಾರವನ್ನು ಒಂದೇ ಕ್ಷಣದಲ್ಲಿ ಕತ್ತರಿಸುತ್ತದೆ.

ಮೀನು ಸಿಗದಿರುವುದಕ್ಕೆ ಮುಖ್ಯ ಕಾರಣ ಹೊತ್ತು. ವಾಲೈ ಕಣ್ಣು ಮಂದ ಬೆಳಕಿಗೆ ಹೊಂದಿದ್ದು, ಸುಡುಬಿಸಿಲಿನ ನಡುಮಧ್ಯಾಹ್ನ ಅದು ಆಳಕ್ಕಿಳಿದು ಸುಮ್ಮನಿರುತ್ತದೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು, ನೀರೊಳಗೆ ಚಾಚಿದ ಬಂಡೆಯ ಮೂಲೆ, ಎರಡು ಸರೋವರ ಸೇರುವ ಇಕ್ಕಟ್ಟು, ಗಾಳಿ ಬಡಿಯುವ ದಡ ಇವನ್ನು ಹುಡುಕಿ. ಜಿಗ್ ತಳ ಮುಟ್ಟುವವರೆಗೆ ಬಿಟ್ಟು, ಗೇಣುದ್ದ ಎತ್ತಿ, ಮತ್ತೆ ಇಳಿಬಿಡಿ. ಇಳಿಯುವಾಗಲೇ ಮೀನು ಕಚ್ಚುವುದು ಹೆಚ್ಚು. ದಾರ ಸಡಿಲವಾಗಿದ್ದರೆ ಅದು ತಿಳಿಯುವುದೇ ಇಲ್ಲ. ಹದಿನೈದು ನಿಮಿಷ ಏನೂ ತಾಗದಿದ್ದರೆ ಆಳವನ್ನು ಬದಲಿಸಿ, ಬಣ್ಣವನ್ನಲ್ಲ.

ದೋಣಿಯಲ್ಲಿ ಯಾರೂ ಎದ್ದು ನಿಲ್ಲಬಾರದು, ಒಮ್ಮೆಗೆ ಒಬ್ಬರೇ ಗಾಳ ಬೀಸಬೇಕು. ಹೊರಡುವ ಮೊದಲೇ ಕೊಕ್ಕೆಗಳ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿ. ಆಸ್ಪತ್ರೆಯಿಂದ ಒಂದು ದಿನದ ದೂರದಲ್ಲಿ ಅಂಗೈಗೆ ಹೊಕ್ಕ ಕೊಕ್ಕೆ ಸುಲಭವಾಗಿ ಹೊರಬರಲು ಇದೊಂದೇ ಉಪಾಯ.

ಆ ಸಂಜೆ ತಿನ್ನುವಷ್ಟನ್ನೇ ಇಟ್ಟುಕೊಂಡು ದೊಡ್ಡ ಹೆಣ್ಣು ಮೀನುಗಳನ್ನು ಬಿಟ್ಟುಬಿಡಿ. ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ರಾತ್ರಿಯಿಡೀ ನೀರಿನಲ್ಲಿ ಬಿಟ್ಟರೆ ಆಮೆಗಳ ಪಾಲಾಗುತ್ತದೆ. ಶುಚಿ ಮಾಡಿದ ಕರುಳು, ಮುಳ್ಳುಗಳನ್ನು ನೀರಿಗೆ ಎಸೆಯದೆ, ಬಿಡಾರ, ದಡ, ಕಾಲುದಾರಿ ಮೂರರಿಂದಲೂ ದೂರ ಒಯ್ದು ಹೂಳಿ. ಮುಳ್ಳು ತೆಗೆದ ವಾಲೈ ತುಂಡುಗಳಿಗೆ ಉಪ್ಪು, ಖಾರ, ಅರಿಸಿನ ಹಚ್ಚಿ, ರವೆಯಲ್ಲಿ ಹೊರಳಿಸಿ, ಮಂಗಳೂರಿನ ರೀತಿ ಕಾವಲಿಯಲ್ಲಿ ಹುರಿದು ನೋಡಿ. ಒಂದು ಹಿಡಿ ಹುರಿಯದ ರವೆಯನ್ನು ಇದಕ್ಕೆಂದೇ ಬೇರೆಯಾಗಿ ತಂದಿರಬೇಕು. ಹುರಿದ ಎಣ್ಣೆ ಮತ್ತು ಕಾವಲಿಯನ್ನು ಆ ರಾತ್ರಿಯೇ ಒರೆಸಿ ಆಹಾರದ ಜೊತೆ ಭದ್ರಪಡಿಸಿ.

ಹಂತ 11: ಹೊರಬರುವ ದಿನ

ಬೂದಿಗೆ ನೀರು ಸುರಿದು, ಕಲಕಿ, ಬರಿಗೈಯಿಂದ ಮುಟ್ಟಿದಾಗ ತಣ್ಣಗಿರುವವರೆಗೆ ಬಿಡಾರ ಬಿಡಬೇಡಿ. ಹೊರದ್ವಾರದಲ್ಲಿ ದೋಣಿಯ ನೀರನ್ನೆಲ್ಲ ಚೆಲ್ಲಿ, ಅಂಟಿದ ಜಲಸಸ್ಯಗಳನ್ನು ಕಿತ್ತು, ಉಳಿದ ಎರೆಯನ್ನು ಕಸದ ಬುಟ್ಟಿಗೇ ಹಾಕಿ. ಜಿಗಣೆಯ ಬದಲು ಎರೆಹುಳು ಒಯ್ದಿದ್ದರೆ ಇನ್ನೂ ಎಚ್ಚರ ಬೇಕು. ಎರೆಹುಳು ನಮ್ಮ ಹೊಲಗಳಲ್ಲಿ ರೈತನ ಮಿತ್ರ. ಆದರೆ ಹಿಮಯುಗದ ನಂತರ ಎರೆಹುಳುಗಳೇ ಇಲ್ಲದೆ ಬೆಳೆದ ಈ ಉತ್ತರದ ಕಾಡಿನಲ್ಲಿ ಅದು ನೆಲದ ಎಲೆಹಾಸನ್ನು ತಿಂದು ಎಳೆಯ ಗಿಡಗಳಿಗೆ ಕೇಡು ಮಾಡುತ್ತದೆ. ಡಬ್ಬಿಯಲ್ಲಿ ಉಳಿದ ಹುಳುಗಳನ್ನು ಕನಿಕರದಿಂದ ಮರದ ಬುಡಕ್ಕೆ ಸುರಿದು ಬರಬೇಡಿ.

ಹೊರಡುವ ಮುನ್ನ ಊರಿನಲ್ಲಿ ಒಬ್ಬರಿಗೆ ನಿಮ್ಮ ದಾರಿ, ಮರಳುವ ದಿನ, ಮತ್ತು ಗಾಳಿಗೆ ಸಿಲುಕಿದರೆಂದು ಸೇರಿಸಿದ ಹೆಚ್ಚುವರಿ ಒಂದು ದಿನವನ್ನು ಬರೆದು ಕೊಟ್ಟಿರುತ್ತೀರಿ. ಈಲಿಯ ಹಾದಿಯಲ್ಲಿ ಫೋನಿಗೆ ಸಿಗ್ನಲ್ ಬಂದ ಕೂಡಲೇ ಮೊದಲ ಕರೆ ಅವರಿಗೆ ಹೋಗಲಿ.